ಹಾಲ್‌ನಿಂದ ಅಡುಗೆಮನೆಯವರೆಗೆ: ಮನೆಯ ಒಳಾಂಗಣಕ್ಕೆ ಮಾದರಿ ಹುಡುಕುವ ಬಗೆ

(ಮುಂಬಯಿಯ ಕನ್ನಡಿಗರ ಸಭೆಯೊಂದರಲ್ಲಿ ಒಳಾಂಗಣ ವಿನ್ಯಾಸಕರೊಬ್ಬರು ನೀಡಿದ ಉಪನ್ಯಾಸವನ್ನು ಧ್ವನಿಮುದ್ರಣದಿಂದ ಬರಹಕ್ಕಿಳಿಸಿ ತಿದ್ದಿದ ರೂಪ.)

ಮನೆಯನ್ನು ಹೊಸದಾಗಿ ಸಿಂಗರಿಸಬೇಕೆಂದು ನಿರ್ಧರಿಸಿದವರು ನನ್ನ ಬಳಿ ಬರುವಾಗ ಮೊಬೈಲಿನಲ್ಲಿ ಐವತ್ತು ಅರವತ್ತು ಚಿತ್ರಗಳನ್ನು ಕೂಡಿಟ್ಟುಕೊಂಡೇ ಬರುತ್ತಾರೆ. ಹಾಲ್‌ಗೆ ಸ್ವೀಡನ್ನಿನ ಬಿಳಿ ಗೋಡೆ, ಅಡುಗೆಮನೆಗೆ ಅಮೆರಿಕದ ನಡುಕಟ್ಟೆ (ಕಿಚನ್ ಐಲೆಂಡ್), ಮಲಗುವ ಕೋಣೆಗೆ ಬಾಲಿಯ ರೆಸಾರ್ಟ್, ಸ್ನಾನದ ಮನೆಗೆ ಯಾವುದೋ ಹೋಟೆಲಿನ ಕಪ್ಪು ಕಲ್ಲು. ಇವೆಲ್ಲವೂ ಚೆಂಬೂರಿನ ಅಥವಾ ಡೊಂಬಿವಲಿಯ ಆರುನೂರು ಚದರಡಿಯ ಫ್ಲ್ಯಾಟಿನಲ್ಲಿ ಒಟ್ಟಿಗೆ ಬಾಳಬೇಕೆಂಬುದು ಅವರ ಅಪೇಕ್ಷೆ. ಆ ಚಿತ್ರಗಳನ್ನು ನೋಡಬೇಡಿ ಎಂದು ನಾನು ಹೇಳುವುದಿಲ್ಲ, ನಾನೂ ದಿನವೂ ನೋಡುತ್ತೇನೆ. ಆದರೆ ಚಿತ್ರದಲ್ಲಿರುವ ಕೋಣೆ ಹಾಗೇಕೆ ಇದೆ ಎಂಬ ಪ್ರಶ್ನೆಯನ್ನು ಕೇಳದೆ ಅದನ್ನು ಮನೆಗೆ ತಂದರೆ, ಅದು ಮದುವೆಗೆಂದು ಬಾಡಿಗೆಗೆ ತಂದ ಕೋಟಿನಂತೆ ಭುಜದಲ್ಲಿ ಒಂದಿಷ್ಟು ಸಡಿಲವಾಗಿಯೇ ಉಳಿಯುತ್ತದೆ.

ಸ್ವೀಡನ್ನಿನ ಆ ಬಿಳಿ ಕೋಣೆಯನ್ನೇ ತೆಗೆದುಕೊಳ್ಳಿ. ಸ್ಟಾಕ್‌ಹೋಮ್ ಇರುವುದು 59 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ ಉತ್ತರಾರ್ಧದಲ್ಲಿ ಅಲ್ಲಿನ ಹಗಲು ಸುಮಾರು 6 ಗಂಟೆ ಮಾತ್ರ, ಆಗಲೂ ಸೂರ್ಯ ದಿಗಂತವನ್ನು ಬಿಟ್ಟು ಮೇಲೇರುವುದು ಅಷ್ಟಕ್ಕಷ್ಟೆ. ಕೋಣೆಯೊಳಗೆ ಬಂದ ಚೂರು ಬೆಳಕನ್ನೂ ಪೋಲಾಗದಂತೆ ಹಿಡಿದು ಮತ್ತೆ ಮತ್ತೆ ಪ್ರತಿಫಲಿಸುವುದಕ್ಕಾಗಿ ಅವರು ಗೋಡೆಗೆ ಬಿಳಿ ಬಳಿದರು, ನೆಲಕ್ಕೆ ತಿಳಿಬಣ್ಣದ ಪೈನ್ ಹಲಗೆ ಹಾಸಿದರು, ಕಿಟಕಿಗೆ ಪರದೆಯನ್ನೂ ಬೇಡವೆಂದರು. ಮುಂಬಯಿಯಲ್ಲಿ ವರ್ಷದ ಅತಿ ಚಿಕ್ಕ ಹಗಲೂ ಸುಮಾರು 11 ಗಂಟೆ ಇರುತ್ತದೆ. ನಮ್ಮ ತೊಂದರೆ ಬೆಳಕಿನ ಕೊರತೆಯಲ್ಲ, ಕಣ್ಣು ಕುಕ್ಕುವ ಬೆಳಕು. ಅದರ ಮೇಲೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೊಳಗೇ ಇಳಿಯುವ ತೇವ. ಪಶ್ಚಿಮದ ಕಿಟಕಿಯ ಎದುರು ಅಚ್ಚ ಬಿಳಿ ಗೋಡೆ ಇಟ್ಟವರು ಮಾರ್ಚ್ ತಿಂಗಳ ಸಂಜೆ ನಾಲ್ಕಕ್ಕೆ ಪರದೆ ಎಳೆದು ದೀಪ ಹಾಕಿಕೊಳ್ಳುವುದನ್ನು ನಾನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಅಲ್ಲಿ ಬಿಳಿ ಒಂದು ಉತ್ತರವಾಗಿತ್ತು, ಇಲ್ಲಿ ಆ ಪ್ರಶ್ನೆಯೇ ಇಲ್ಲ.

ಇನ್ನೊಂದು ಸಂಗತಿಯನ್ನು ಮನಸ್ಸಿನಲ್ಲಿಡಿ. ಆ ಛಾಯಾಚಿತ್ರಗಳನ್ನು ಅಗಲಕೋನದ ಲೆನ್ಸ್‌ನಲ್ಲಿ, ಕೋಣೆಯ ಮೂಲೆಯಿಂದ, ಎದೆಯೆತ್ತರದಿಂದ ತೆಗೆದಿರುತ್ತಾರೆ. ಹತ್ತಡಿಯ ಕೋಣೆ ಹದಿನೈದು ಅಡಿಯದಾಗಿ ಕಾಣುವುದು ಹೀಗೆ. ಇಸ್ತ್ರಿ ಮೇಜು, ರೌಟರಿನ ವೈರು, ಒಣಗುತ್ತಿರುವ ಟವೆಲು, ಅಜ್ಜಿಯ ಮಾತ್ರೆಗಳ ಡಬ್ಬಿ ಇವು ಯಾವುವೂ ಚಿತ್ರದಲ್ಲಿ ಇರುವುದಿಲ್ಲ. ನಾವು ಬದುಕುವುದು ಮಾತ್ರ ಇವುಗಳ ನಡುವೆಯೇ.

ಹಾಗಾದರೆ ದೊಡ್ಡವರು ಮಾದರಿಯನ್ನು ಹೇಗೆ ತೆಗೆದುಕೊಂಡರು? ಅದಕ್ಕೆ ನಮ್ಮ ಊರಿನಲ್ಲೇ ಒಂದು ಒಳ್ಳೆಯ ಪಾಠವಿದೆ. ಪೆಡ್ಡರ್ ರಸ್ತೆಯ ಕಡೆಯಿಂದ ಹೋಗುವಾಗ ಕಂಬಾಲಾ ಹಿಲ್‌ನಲ್ಲಿ ಎತ್ತರದ ಒಂದು ಬಿಳಿ ಕಟ್ಟಡವನ್ನು ನೋಡಿರುತ್ತೀರಿ, ಅದರ ಮೂಲೆಗಳನ್ನು ಯಾರೋ ಚೌಕವಾಗಿ ಕತ್ತರಿಸಿ ತೆಗೆದಂತೆ ಕಾಣುತ್ತದೆ. ಅದು ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯ ವಿನ್ಯಾಸ ಮಾಡಿದ ಕಾಂಚನಜುಂಗಾ ಎಂಬ ವಸತಿ ಕಟ್ಟಡ, 1983ರಲ್ಲಿ ಮುಗಿದದ್ದು. ಮುಂಬಯಿಯಲ್ಲಿ ಕಡಲಗಾಳಿ ಸಿಗಬೇಕಾದರೆ ಮನೆ ಪಶ್ಚಿಮಕ್ಕೆ ತೆರೆದಿರಬೇಕು, ಪಶ್ಚಿಮದಲ್ಲಿ ಅರಬ್ಬೀ ಸಮುದ್ರದ ನೋಟವೂ ಪೂರ್ವದಲ್ಲಿ ಬಂದರಿನ ನೋಟವೂ ಇವೆ. ಆದರೆ ಸುಡುವ ಬಿಸಿಲು ಬರುವುದೂ ಇವೇ ದಿಕ್ಕುಗಳಿಂದ, ಮಳೆ ಹೊಡೆಯುವುದೂ ಪಶ್ಚಿಮದಿಂದಲೇ. ಹಳೆಯ ಬಂಗಲೆಗಳು ಇದಕ್ಕೆ ಕಂಡುಕೊಂಡಿದ್ದ ಪರಿಹಾರವೆಂದರೆ ವಾಸದ ಕೋಣೆಗಳ ಸುತ್ತ ವರಾಂಡ ಬಿಡುವುದು. ಕೊರಿಯ ಆ ಬಂಗಲೆಯ ಕಂಬಗಳನ್ನಾಗಲಿ, ಹೆಂಚನ್ನಾಗಲಿ, ಮರದ ಕೆತ್ತನೆಯನ್ನಾಗಲಿ ಎರವಲು ತರಲಿಲ್ಲ. ವರಾಂಡದ ಕೆಲಸವನ್ನು ಮಾತ್ರ ತೆಗೆದುಕೊಂಡು, ಅದನ್ನು ಎರಡಂತಸ್ತು ಎತ್ತರದ ಮೂಲೆಯ ತಾರಸಿಯಾಗಿ ಬಹುಮಹಡಿಯ ಮೇಲಕ್ಕೆ ಏರಿಸಿದರು. ನಾನು ಇಂದು ಒಂದೊಂದು ಕೋಣೆಯ ವಿಷಯದಲ್ಲೂ ಹೇಳಹೊರಟಿರುವುದು ಇದನ್ನೇ: ನೋಟವನ್ನಲ್ಲ, ಆ ನೋಟ ಹುಟ್ಟಿದ ಕಾರಣವನ್ನು ಹುಡುಕಿಕೊಂಡು ಹೋಗಿ.

ಹೊರಗೆ ಹುಡುಕುವ ಮೊದಲು ಮನೆಯೊಳಗೆ ಸ್ವಲ್ಪ ಕೆಲಸವಿದೆ. ಒಂದು ರಜಾದಿನ ಪ್ರತಿ ಕೋಣೆಯಲ್ಲೂ ಬೆಳಿಗ್ಗೆ, ನಡುಹಗಲು, ಸಂಜೆ ಎಲ್ಲಿ ಬಿಸಿಲು ಬೀಳುತ್ತದೆ, ಮನೆಯವರು ತಾವಾಗಿಯೇ ಎಲ್ಲಿ ಹೋಗಿ ಕೂರುತ್ತಾರೆ, ಹೊರಗಿನಿಂದ ಬಂದವರು ಚೀಲವನ್ನೂ ಕೀಲಿಕೈಯನ್ನೂ ಎಲ್ಲಿ ಎಸೆಯುತ್ತಾರೆ ಎಂಬುದನ್ನು ಗುರುತು ಹಾಕಿಕೊಳ್ಳಿ. ಸಾಧ್ಯವಾದರೆ ಇದನ್ನು ಬೇಸಿಗೆಯಲ್ಲೊಮ್ಮೆ, ಚಳಿಗಾಲದಲ್ಲೊಮ್ಮೆ ಮಾಡಿ. ಮುಂಬಯಿ 19 ಡಿಗ್ರಿ ಅಕ್ಷಾಂಶದಲ್ಲಿದೆ. ಮೇ ತಿಂಗಳ ಮಧ್ಯದಲ್ಲಿ ಒಮ್ಮೆ, ಜುಲೈ ಕೊನೆಯಲ್ಲಿ ಇನ್ನೊಮ್ಮೆ ನಡುಹಗಲಿನ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ, ನೆಟ್ಟ ಕೋಲಿಗೆ ನೆರಳೇ ಬೀಳುವುದಿಲ್ಲ. ಆ ಎರಡು ದಿನಗಳ ನಡುವೆ ಅವನು ಉತ್ತರಕ್ಕೆ ವಾಲಿರುತ್ತಾನೆ, ಉಳಿದ ಕಾಲವೆಲ್ಲ ದಕ್ಷಿಣಕ್ಕೆ. ಮನೆ ತೋರಿಸುವ ಏಜೆಂಟರು ಉತ್ತರದ ಕಿಟಕಿಗೆ ಬಿಸಿಲೇ ಬರುವುದಿಲ್ಲ ಎನ್ನುವುದು ಪೂರ್ತಿ ನಿಜವಲ್ಲ ಎಂಬುದಕ್ಕೆ ಇಷ್ಟು ಹೇಳಿದೆ.

ಈಗ ಹಾಲ್‌ಗೆ ಬರೋಣ. ನಮ್ಮ ಹಾಲ್‌ಗಳಲ್ಲಿ ಸೋಫಾ ಮೊದಲು ಬರುತ್ತದೆ, ಮನುಷ್ಯರು ಆಮೇಲೆ. ಮೂರು ಜನ ಕೂರುವ ಸೋಫಾ ಸುಮಾರು ಏಳಡಿ ಉದ್ದ, ಮೂರಡಿ ಆಳ ಇರುತ್ತದೆ. ಹತ್ತಡಿ ಅಗಲದ ಹಾಲ್‌ನಲ್ಲಿ ಅದನ್ನಿಟ್ಟು, ಎದುರಿಗೆ ಟೀಪಾಯಿ, ಅದರಾಚೆ ಟಿ.ವಿ. ಕಪಾಟು ಇಟ್ಟರೆ ನಡೆಯುವುದಕ್ಕೆ ಉಳಿಯುವುದು ಅಡ್ಡಡ್ಡ ತಿರುಗಿ ಹೋಗುವಷ್ಟೇ ಜಾಗ. ಚಿಕ್ಕ ಕೋಣೆಯನ್ನು ಹೇಗೆ ಬಳಸಬೇಕೆಂದು ತಿಳಿಯಲು ವಿದೇಶದ ಪತ್ರಿಕೆ ತೆರೆಯಬೇಕಾಗಿಲ್ಲ. ವರ್ಳಿ, ನಾಯಗಾಂವ್, ಎನ್.ಎಂ. ಜೋಶಿ ಮಾರ್ಗಗಳ ಬಿ.ಡಿ.ಡಿ. (ಬಾಂಬೆ ಡೆವಲಪ್ಮೆಂಟ್ ಡಿಪಾರ್ಟ್ಮೆಂಟ್) ಚಾಳುಗಳನ್ನು, ಆ ಒಂಟಿಕೋಣೆ ಮನೆಗಳ ಕಟ್ಟಡಗಳನ್ನು ನೆನೆಯಿರಿ. 1920ರ ದಶಕದಲ್ಲಿ ಕಟ್ಟಿದ ಆ ಚಾಳುಗಳ ಒಂದು ಕೋಣೆ 160 ಚದರಡಿ. ಅವು ಈಗ ಒಂದೊಂದಾಗಿ ಬಹುಮಹಡಿ ಗೋಪುರಗಳಾಗುತ್ತಿವೆ. ಆ ಬದುಕು ಸುಖದ್ದಾಗಿತ್ತು ಎಂದು ನಾನು ಹಾಡಿಹೊಗಳುವುದಿಲ್ಲ, ಪಾಯಿಖಾನೆಗೆ ಸಾಲು ನಿಂತವರಿಗೆ ಅದರ ಕಷ್ಟ ಗೊತ್ತಿದೆ. ಆದರೆ ಆ ಕೋಣೆಯ ವ್ಯವಸ್ಥೆಯನ್ನು ಗಮನಿಸಿ. ಮೂಲೆಯಲ್ಲಿ ಮೀಯುವ, ಪಾತ್ರೆ ತೊಳೆಯುವ ಮೋರಿ, ಅದರ ಪಕ್ಕ ಒಲೆಯ ಕಟ್ಟೆ, ಬಾಗಿಲಿನ ಮೇಲ್ಪಟ್ಟಿಯ ಎತ್ತರದಲ್ಲಿ ಕೋಣೆಯ ಸುತ್ತ ಓಡುವ ಹಲಗೆ, ಅದರ ಮೇಲೆ ಸ್ಟೀಲಿನ ಡಬ್ಬಿಗಳ ಸಾಲು, ಅದಕ್ಕೂ ಮೇಲೆ ಮಾಳ, ಅಂದರೆ ಅಟ್ಟ. ನೆಲ ಮಾತ್ರ ಖಾಲಿ. ಬೆಳಿಗ್ಗೆ ಅದೇ ನೆಲ ಶಾಲೆಗೆ ಹೊರಡುವ ಕೋಣೆ, ಮಧ್ಯಾಹ್ನ ಹಪ್ಪಳ ಲಟ್ಟಿಸುವ ಕೋಣೆ, ರಾತ್ರಿ ಹಾಸಿಗೆ ಬಿಚ್ಚುವ ಕೋಣೆ. ಸಾಮಾನೆಲ್ಲ ಗೋಡೆಗೆ ಏರಿ ನೆಲವನ್ನು ಬಿಟ್ಟುಕೊಟ್ಟಿದ್ದರಿಂದಲೇ ಅದು ಸಾಧ್ಯವಾಯಿತು. ನಿಮ್ಮ ಹಾಲ್‌ನಲ್ಲೂ ಕಾಲಿಲ್ಲದೆ ಗೋಡೆಗೆ ಜೋಡಿಸಿದ ಕಪಾಟು, ಮೇಲ್ಪಟ್ಟಿಯ ಎತ್ತರದಲ್ಲಿ ಒಂದೇ ಉದ್ದನೆಯ ಪುಸ್ತಕದ ಹಲಗೆ, ಬೇಕೆಂದಾಗ ಮಡಚಿಡುವ ಊಟದ ಮೇಜು ಇವನ್ನು ಯೋಚಿಸಬಹುದು.

ಇದರ ಜೊತೆಗೆ ಗಾಮ್‌ದೇವಿಯ ಮಣಿಭವನಕ್ಕೆ ಒಮ್ಮೆ ಹೋಗಿಬನ್ನಿ. 1917ರಿಂದ 1934ರವರೆಗೆ ಗಾಂಧೀಜಿ ಮುಂಬಯಿಗೆ ಬಂದಾಗ ತಂಗುತ್ತಿದ್ದ ಮನೆ ಅದು. ಅವರ ಕೋಣೆಯನ್ನು ಹಾಗೆಯೇ ಕಾಪಾಡಿದ್ದಾರೆ. ಇತಿಹಾಸಕ್ಕಾಗಿ ಹೋದವರು ಐದು ನಿಮಿಷ ಒಳಾಂಗಣಕ್ಕಾಗಿಯೂ ನಿಲ್ಲಿ. ನೆಲದ ಮೇಲಿನ ಬಿಳಿ ಗಾದಿ, ಒರಗುದಿಂಬು, ಗಿಡ್ಡ ಬರೆಯುವ ಮೇಜು, ಚರಕ. ಎಲ್ಲವೂ ಮೊಣಕಾಲಿನ ಎತ್ತರಕ್ಕಿಂತ ಕೆಳಗೆ. ಹೀಗಾಗಿ ಗೋಡೆಯ ಬಹುಭಾಗ ಖಾಲಿಯಾಗಿ, ಕೋಣೆ ತನ್ನ ಅಳತೆಗಿಂತ ಎತ್ತರವಾಗಿ ಕಾಣುತ್ತದೆ. ಇಂದಿನ ಫ್ಲ್ಯಾಟುಗಳಲ್ಲಿ ಮಾಳಿಗೆಯ ಎತ್ತರ ಒಂಬತ್ತಡಿಯ ಆಸುಪಾಸು, ಅದರಲ್ಲೂ ಫಾಲ್ಸ್ ಸೀಲಿಂಗ್ ಎಂದು ಅರ್ಧ ಅಡಿ ಕಳೆದುಕೊಳ್ಳುತ್ತೇವೆ. ಅಂಥ ಹಾಲ್‌ನಲ್ಲಿ ಒಂದು ಬದಿಗೆ ಸೋಫಾದ ಬದಲು ಹನ್ನೆರಡು ಅಂಗುಲ ಎತ್ತರದ ಗಾದಿಕಟ್ಟೆ ಹಾಕಿ ನೋಡಿ. ನಮ್ಮ ಕರಾವಳಿಯ ಚಾವಡಿಗಳಲ್ಲಿ ಚಾಪೆ ಹಾಸಿ ಕೂರುತ್ತಿದ್ದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೆ ಮನೆಯಲ್ಲಿ ಮೊಣಕಾಲು ನೋವಿನ ಹಿರಿಯರಿದ್ದರೆ ಹದಿನೆಂಟು ಅಂಗುಲ ಎತ್ತರದ, ಕೈಯಿರುವ ಒಂದು ಗಟ್ಟಿ ಕುರ್ಚಿ ಕಡ್ಡಾಯ. ಸೊಬಗಿಗಾಗಿ ಅಜ್ಜಿಯನ್ನು ನೆಲಕ್ಕಿಳಿಸುವ ವಿನ್ಯಾಸವನ್ನು ನಾನು ಒಪ್ಪುವುದಿಲ್ಲ. ಗೋಡೆಯ ಚಿತ್ರವನ್ನು ಅದರ ನಡುಬಿಂದು ನೆಲದಿಂದ 57-60 ಅಂಗುಲ ಎತ್ತರದಲ್ಲಿರುವಂತೆ ತೂಗುಹಾಕಬೇಕು ಎಂಬ ನಿಯಮ ಚಿತ್ರಶಾಲೆಗಳಲ್ಲಿ ನಿಂತು ನೋಡುವವರದು. ನೆಲದಲ್ಲಿ ಕೂರುವ ಕೋಣೆಯಲ್ಲಿ ಚಿತ್ರವೂ ಒಂದಡಿ ಒಂದೂವರೆ ಅಡಿ ಕೆಳಗಿಳಿಯಬೇಕು.

ನೆಲದ ಮಾತು ಬಂದಿತು, ಅದರ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ಮಾತಾಡಲು ಅನುಮತಿ ಕೊಡಿ, ಏಕೆಂದರೆ ಈ ಊರಿನ ಅತ್ಯಂತ ಚೆಲುವಾದ ಸಂಗತಿಗಳು ಕಾಲ ಕೆಳಗಿವೆ. ಓವಲ್ ಮೈದಾನದ ಪಶ್ಚಿಮ ಬದಿಯ ಮತ್ತು ಮರೀನ್ ಡ್ರೈವಿನ, ಕಳೆದ ಶತಮಾನದ ಮೊದಲರ್ಧದ ಆರ್ಟ್ ಡೆಕೊ ಶೈಲಿಯ ಕಟ್ಟಡಗಳು ಅದಕ್ಕೂ ಹಿಂದಿನ ವಿಕ್ಟೋರಿಯನ್ ಗಾಥಿಕ್ ಶೈಲಿಯ ಕಟ್ಟಡಗಳ ಜೊತೆ 2018ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಆ ಪಟ್ಟಿಯಲ್ಲಿ ಇಲ್ಲದಿದ್ದರೂ ದಾದರಿನ ಹಿಂದೂ ಕಾಲೊನಿ, ಪಾರ್ಸಿ ಕಾಲೊನಿ, ಮಾಟುಂಗದ ಕಿಂಗ್ಸ್ ಸರ್ಕಲ್, ಶಿವಾಜಿ ಪಾರ್ಕ್‌ಗಳಲ್ಲಿ ಅದೇ ಕಾಲದ, ಅದೇ ಕೈಚಳಕದ ಮನೆಗಳು ಸಾಲುಸಾಲಾಗಿವೆ. ನಮ್ಮವರು ಎಷ್ಟೋ ಮಂದಿ ಅಲ್ಲಿಯೇ ಬಾಡಿಗೆಗೆ ಇದ್ದು ಹೊರಬಂದವರು. ಕಿಟಕಿಯ ಮೇಲಿನ ಹುಬ್ಬಿನಂಥ ಚಜ್ಜಾ, ಉರುಟಾದ ಬಾಲ್ಕನಿ, ಉದಯಸೂರ್ಯನ ಕಿರಣಗಳ ಅಥವಾ ಅಲೆಗಳ ಆಕಾರದ ಗ್ರಿಲ್ ಇವು ಬೀದಿಯಿಂದಲೇ ಕಾಣುತ್ತವೆ. ಒಳಗೆ ಹೋದಾಗ ಮೆಟ್ಟಿಲಿನ ತಿರುವಿನಲ್ಲಿ ಬಗ್ಗಿ ನೋಡಿ, ಅಲ್ಲಿ ಅಮೃತಶಿಲೆಯ ಚೂರುಗಳನ್ನು ಸಿಮೆಂಟಿನಲ್ಲಿ ಕೂಡಿಸಿ ಉಜ್ಜಿ ಹೊಳಪು ಕೊಟ್ಟ ಟೆರ‍್ರಾಜೊ ಇರುತ್ತದೆ, ಅಥವಾ ಬಣ್ಣದ ಸಿಮೆಂಟು ಲಾದಿ, ಅಂದರೆ ನೆಲಕ್ಕೆ ಹಾಸುವ ಬಿಲ್ಲೆ ಇರುತ್ತದೆ.

ಈ ಲಾದಿಗಳನ್ನು ಮೊದಲು ಹೊರದೇಶದಿಂದ ತರಿಸುತ್ತಿದ್ದರು. 1922ರಲ್ಲಿ ಸ್ವದೇಶಿಯ ಹುರುಪಿನಲ್ಲಿ ಸಿಧ್ವಾ ಮನೆತನದವರು ಇಲ್ಲಿಯೇ ಭಾರತ್ ಫ್ಲೋರಿಂಗ್ಸ್ ಆರಂಭಿಸಿದರು, ಅದು ಇಂದಿಗೂ ನಡೆಯುತ್ತಿದೆ. ಲಾದಿ ತಯಾರಾಗುವ ಕ್ರಮವನ್ನು ಹೇಳುತ್ತೇನೆ. ಚೌಕದ ಅಚ್ಚಿನೊಳಗೆ ಲೋಹದ ತೆಳುಪಟ್ಟಿಗಳಿಂದ ಮಾಡಿದ ಒಂದು ಜಾಲವನ್ನು ಇಳಿಸುತ್ತಾರೆ, ಹೂವಿನ ಎಸಳಿಗೊಂದು ಮನೆ, ಎಲೆಗೊಂದು ಮನೆ. ಬಿಳಿ ಸಿಮೆಂಟು, ಅಮೃತಶಿಲೆಯ ಪುಡಿ, ಬಣ್ಣ ಕಲಸಿದ ದ್ರವವನ್ನು ಸೌಟಿನಿಂದ ಒಂದೊಂದು ಮನೆಗೆ ಕೈಯಲ್ಲೇ ಹೊಯ್ಯುತ್ತಾರೆ. ಆಮೇಲೆ ಉಸಿರು ಬಿಗಿಹಿಡಿದು ಜಾಲವನ್ನು ನೆಟ್ಟಗೆ ಮೇಲಕ್ಕೆತ್ತುತ್ತಾರೆ, ಬಣ್ಣಗಳು ಒಂದಕ್ಕೊಂದು ತಾಗಿ ನಿಲ್ಲುತ್ತವೆ, ಕಲಸಿಹೋಗುವುದಿಲ್ಲ. ಬೆನ್ನಿಗೆ ಒಣ ಸಿಮೆಂಟು ತುಂಬಿ ಹೈಡ್ರಾಲಿಕ್ ಒತ್ತಡದಲ್ಲಿ ಅದುಮಿ, ನೀರಿನಲ್ಲಿ ನೆನೆಸಿ ಗಟ್ಟಿಯಾಗಲು ಬಿಡುತ್ತಾರೆ. ಬೆಂಕಿಯೇ ಇಲ್ಲ. ಬಣ್ಣ ಮೇಲ್ಮೈಯ ಲೇಪವಲ್ಲ, ಕೆಲವು ಮಿಲಿಮೀಟರ್ ದಪ್ಪದ ಪದರ. ಆದ್ದರಿಂದಲೇ ತೊಂಬತ್ತು ವರ್ಷ ತುಳಿದರೂ ಹೂವು ಅಳಿಯದೆ ಇನ್ನಷ್ಟು ನುಣುಪಾಗುತ್ತದೆ. ಹಳೆಯ ಫ್ಲ್ಯಾಟು ಕೊಂಡವರು ಮೊದಲು ಮಾಡುವ ಕೆಲಸವೆಂದರೆ ಇದನ್ನು ಒಡೆದು ಮೇಲೆ ಎರಡಡಿಯ ಹೊಳೆಯುವ ವಿಟ್ರಿಫೈಡ್ ಟೈಲ್ಸ್ ಹಾಕಿಸುವುದು. ದಯವಿಟ್ಟು ಒಡೆಯಬೇಡಿ, ಪಾಲಿಶ್ ಮಾಡುವವರನ್ನು ಕರೆಸಿ.

ಹೊಸ ಮನೆಯವರು ಈ ಲಾದಿಯಿಂದ ಕಲಿಯಬಹುದಾದ್ದು ಅದರ ಅಂಚು. ಆ ಕೋಣೆಗಳಲ್ಲಿ ನಡುವೆ ಸರಳ ವಿನ್ಯಾಸ, ಸುತ್ತ ಗಾಢವಾದ ಅಂಚು, ಅಂಚಿನ ಆಚೆ ಗೋಡೆಯವರೆಗೆ ಒಂದೇ ಬಣ್ಣದ ಪಟ್ಟಿ. ಗೋಡೆಗಳು ಎಂದೂ ನೇರ ಚೌಕದಲ್ಲಿರುವುದಿಲ್ಲ. ಆ ಸೊಟ್ಟವನ್ನೆಲ್ಲ ಹೊರಗಿನ ಸಾದಾ ಪಟ್ಟಿ ನುಂಗಿಕೊಳ್ಳುತ್ತದೆ, ಕಣ್ಣಿಗೆ ಕಾಣುವುದು ಅಂಚಿನ ನೇರ ಚೌಕ ಮಾತ್ರ. ನಿಮ್ಮ ವಿಟ್ರಿಫೈಡ್ ನೆಲದ ಮೇಲೆ ನವಲಗುಂದದ ಒಂದು ಜಮಖಾನವನ್ನು ಹಾಸಿ, ಸೋಫಾದ ಮುಂಗಾಲುಗಳು ಅದರ ಮೇಲೆ ಬರುವಂತೆ ಇಟ್ಟರೆ ಅದೇ ಕೆಲಸ ಆಗುತ್ತದೆ. ಬಹುಮಂದಿ ಕೊಳ್ಳುವುದು ಟೀಪಾಯಿಯಡಿ ಮಾತ್ರ ಹಿಡಿಸುವ ಕರವಸ್ತ್ರದಷ್ಟು ಜಮಖಾನ. ಅದು ಕೋಣೆಯನ್ನು ಇನ್ನೂ ಚಿಕ್ಕದು ಮಾಡುತ್ತದೆ.

ಬಣ್ಣ ಮತ್ತು ಚಿತ್ತಾರಕ್ಕೆ ಬಂದರೆ, ಈಗ ಎಲ್ಲೆಲ್ಲೂ ವಾರ್ಲಿ. ಮುಂಬಯಿಯ ಉತ್ತರಕ್ಕಿರುವ ಪಾಲ್ಘರ್ ಕಡೆಯ ವಾರ್ಲಿ ಬುಡಕಟ್ಟಿನವರ ಮದುವೆಯ ಚೌಕಚಿತ್ರವೂ, ನಮ್ಮ ಸಾಗರದ ಕಡೆ ದೀವರ ಹೆಣ್ಣುಮಕ್ಕಳು ಬರೆಯುವ ಹಸೆ ಚಿತ್ತಾರವೂ ನೂರಾರು ಮೈಲಿ ದೂರದಲ್ಲಿದ್ದರೂ ಒಂದು ವಿಷಯದಲ್ಲಿ ಒಂದೇ: ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ ಗೆರೆ. ಹಸೆಯಲ್ಲಿ ಸುಟ್ಟ ಅಕ್ಕಿಯ ಕಪ್ಪೂ, ಗುರಿಗೆ ಕಾಯಿಯ ಹಳದಿಯೂ ಸೇರುತ್ತವೆ, ಪುಂಡಿನಾರಿನ ಕುಂಚ ಎಳೆಯುವ ಗೆರೆ ಕಡ್ಡಿಯಷ್ಟು ಸಣ್ಣ. ಆ ಮನೆಗಳ ಒಳಭಾಗ ಮಬ್ಬುಗತ್ತಲಿನದು, ಕಿಟಕಿ ಕಡಿಮೆ. ದೊಡ್ಡ ಗಾಢ ಹಿನ್ನೆಲೆಯಲ್ಲಿ ಸಣ್ಣ ಬಿಳಿ ಗೆರೆ ಇದ್ದದ್ದರಿಂದಲೇ ಅದು ಆ ಮಬ್ಬಿನಲ್ಲಿ ಮಿನುಗಿತು. ನಾವು ಅದನ್ನು ತಂದು, ಬಿಸಿಲು ರಾಚುವ ಹಾಲ್‌ನ ಕೆನೆಬಣ್ಣದ ಗೋಡೆಯ ಮೇಲೆ ಕಂದು ಸ್ಟಿಕ್ಕರ್ ಅಂಟಿಸುತ್ತೇವೆ. ನನ್ನ ಸಲಹೆ ಬೇರೆ. ನಿಮ್ಮ ಫ್ಲ್ಯಾಟಿನಲ್ಲಿ ಬೆಳಕಿಲ್ಲದ ಜಾಗವೊಂದು ಇದ್ದೇ ಇರುತ್ತದೆ, ಹಾಲ್‌ನಿಂದ ಮಲಗುವ ಕೋಣೆಗೆ ಹೋಗುವ ಮೂರಡಿಯ ಓಣಿ. ಅದನ್ನು ಬಿಳಿಯಾಗಿಸಿ ಬೆಳಗಿಸಲು ಹೆಣಗಾಡುವ ಬದಲು ಕೆಮ್ಮಣ್ಣಿನ ಬಣ್ಣ ಹಚ್ಚಿ, ಒಂದು ಗೋಡೆಗೆ ಮಾತ್ರ ಚಿತ್ತಾರ ಬರೆಸಿ. ಬಲ್ಲವರಿಂದ, ಹಣ ಕೊಟ್ಟು ಬರೆಸಿ. ಅಲ್ಲಿಯ ದೀಪ ಹಳದಿ ಬೆಳಕಿನ, 2700ರಿಂದ 3000 ಕೆಲ್ವಿನ್‌ನದಾಗಿರಲಿ, ಡಬ್ಬಿಯ ಮೇಲೆ ಸಿ.ಆರ್.ಐ. (ಬಣ್ಣಗಳನ್ನು ದೀಪ ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಳತೆ) 90ಕ್ಕಿಂತ ಹೆಚ್ಚು ಎಂದಿರಲಿ. ನಮ್ಮ ಮನೆಗಳಲ್ಲಿ ರೂಢಿಯಾಗಿರುವ 6500 ಕೆಲ್ವಿನ್ನಿನ ನೀಲಿಬಿಳಿ ಟ್ಯೂಬಿನಡಿ ಯಾವ ಕೆಂಪೂ ಜೀವ ಕಳೆದುಕೊಳ್ಳುತ್ತದೆ. ಬಣ್ಣ ಸರಿಯಿಲ್ಲವೆಂದು ಮತ್ತೆ ಬಳಿಸುವವರು ಮೊದಲು ಬಲ್ಬು ಬದಲಾಯಿಸಿ ನೋಡಬೇಕು.

ಅಡುಗೆಮನೆಗೆ ಮಾದರಿ ಎಲ್ಲಿದೆ ಎಂದು ಕೇಳಿದರೆ ನಾನು ಉಡುಪಿ ಹೋಟೆಲುಗಳಿರುವ ಮಾಟುಂಗದ ಕಡೆ ಬೆರಳು ತೋರಿಸುತ್ತೇನೆ. ನೀವು ನಗುತ್ತಿದ್ದೀರಿ, ಆದರೆ ಈ ಸಭೆಯಲ್ಲಿ ಕುಳಿತವರಲ್ಲಿ ಹೋಟೆಲು ನಡೆಸಿದವರು, ಅವರ ಮಕ್ಕಳು ಬೇಕಾದಷ್ಟು ಮಂದಿ ಇದ್ದೀರಿ, ನಾನು ಹೇಳುವುದು ಸರಿಯೋ ಅಲ್ಲವೋ ನೀವೇ ಹೇಳಿ. ಉಡುಪಿ ಹೋಟೆಲಿನಲ್ಲಿ ದೋಸೆ ಹೊಯ್ಯುವವನನ್ನು ಕಾಲು ಗಂಟೆ ನಿಂತು ನೋಡಿ. ಎಡಕ್ಕೆ ಹಿಟ್ಟಿನ ಪಾತ್ರೆ, ಎದುರಿಗೆ ಕಾವಲಿ, ಬಲಕ್ಕೆ ಎಣ್ಣೆ, ಪಲ್ಯ, ಚಟ್ನಿ, ಅದರಾಚೆ ತಟ್ಟೆಗಳ ರಾಶಿ. ಅವನ ಸೊಂಟ ತಿರುಗುತ್ತದೆ, ಪಾದ ಅಲುಗುವುದಿಲ್ಲ. ಸೌಟು, ಸಟ್ಟುಗಗಳು ಕಣ್ಣೆದುರಿನ ಕೊಕ್ಕೆಯಲ್ಲಿ, ದಿನಕ್ಕೆ ನೂರು ಸಲ ಬೇಕಾದ್ದಕ್ಕೆ ಬಾಗಿಲೇ ಇಲ್ಲ. ಗೋಡೆಗೆ ಮೇಲಿನವರೆಗೂ ಟೈಲ್ಸ್, ನೆಲಕ್ಕೆ ನೀರು ಹರಿಯುವ ಇಳಿಜಾರು. ಅಲ್ಲಿ ಅಲಂಕಾರವೆನ್ನುವುದು ಏನೂ ಇಲ್ಲ, ಹಾಗಿದ್ದೂ ತಿಕ್ಕಿ ತೊಳೆದ ಸ್ಟೀಲಿನ ಸಾಲು ನೋಡುವುದಕ್ಕೆ ಚೆಲುವು. ಮಾಡ್ಯುಲರ್ ಕಿಚನ್ ಮಾರುವವರು ತೋರಿಸುವ ನಡುಕಟ್ಟೆ ಒಗ್ಗರಣೆಯ ಹೊಗೆ ಕಡಿಮೆ ಇರುವ, ಹದಿನೈದಡಿ ಅಗಲದ ಅಡುಗೆಮನೆಗಳಿಂದ ಬಂದದ್ದು. ಏಳಡಿ ಎಂಟಡಿಯ ನಮ್ಮ ಅಡುಗೆಮನೆಗೆ ದೋಸೆಯವನ ವ್ಯವಸ್ಥೆ ಹೊಂದುವಷ್ಟು ಅದು ಹೊಂದುವುದಿಲ್ಲ.

ಆ ವ್ಯವಸ್ಥೆಯನ್ನು ಮನೆಗೆ ತರುವಾಗ ಕೆಲವು ಅಳತೆಗಳು ಬೇಕು. ಕಟ್ಟೆಯ ಎತ್ತರ 34 ಅಂಗುಲ ಎಂದು ಕಾರ್ಪೆಂಟರ್ ಕಣ್ಣು ಮುಚ್ಚಿ ಬರೆದುಕೊಳ್ಳುತ್ತಾನೆ. ಆದರೆ ಕಟ್ಟೆ ಇರಬೇಕಾದ್ದು ಅಲ್ಲಿ ಹೆಚ್ಚು ಹೊತ್ತು ನಿಲ್ಲುವವರ ಮೊಣಕೈಗಿಂತ ನಾಲ್ಕೈದು ಅಂಗುಲ ಕೆಳಗೆ. ಐದಡಿ ಎತ್ತರದವರಿಗೆ 34 ಅಂಗುಲವೆಂದರೆ ಭುಜ ನೋವು ಖಂಡಿತ. ಮಿಕ್ಸರಿಗೆ, ಗ್ರೈಂಡರಿಗೆ ಅದಕ್ಕಿಂತಲೂ ತಗ್ಗಾದ ಒಂದು ಕಟ್ಟೆ ಇದ್ದರೆ ಒಳಗೆ ಬಗ್ಗಿ ನೋಡಿ ಹಿಟ್ಟು ತೆಗೆಯುವುದು ಸುಲಭ. ದೀಪ ಮಾಳಿಗೆಯ ನಡುವೆ ಮಾತ್ರ ಇದ್ದರೆ, ಹೆಚ್ಚುವವರ ನೆರಳು ಅವರ ಚಾಕುವಿನ ಮೇಲೆಯೇ ಬೀಳುತ್ತದೆ. ಮೇಲಿನ ಕಪಾಟಿನ ತಳದ ಮುಂದಿನ ಅಂಚಿನಲ್ಲಿ ಒಂದು ಎಲ್‌ಇಡಿ ಪಟ್ಟಿ ಸಾಕು. ಕಟ್ಟೆಗೆ ಕರಿಯ ಗ್ರಾನೈಟ್ ಹಾಕಿಸಿದವರಿಗಂತೂ ಅದು ಬೇಕೇ ಬೇಕು. ಪುಣೆಗೆ ಹೋದರೆ ರಾಜಾ ದಿನಕರ್ ಕೇಳ್ಕರ್ ವಸ್ತುಸಂಗ್ರಹಾಲಯದಲ್ಲಿ ಹಳೆಯ ಅಡುಗೆಮನೆಗಳ ಪಾತ್ರೆ ಪರಡಿ, ಈಳಿಗೆಮಣೆ, ಅಡಕತ್ತರಿ, ದೀಪಗಳ ಸಂಗ್ರಹ ನೋಡಿ. ತರಕಾರಿ ಹೆಚ್ಚುವ ಸಾಧನಕ್ಕೂ ಕುದುರೆಯದೋ ಹಕ್ಕಿಯದೋ ಆಕಾರ ಕೊಟ್ಟವರು ಅಲಂಕಾರದ ವಸ್ತುವನ್ನು ಬೇರೆಯಾಗಿ ಕೊಂಡು ಗೂಡಿನಲ್ಲಿಡುವ ಗೋಜಿಗೆ ಹೋಗಲಿಲ್ಲ.

ಗೂಡು ಎಂದಾಗ ಪುಣೆಯ ವಾಡೆಗಳು ನೆನಪಾಗುತ್ತವೆ. ದಪ್ಪ ಗೋಡೆಗಳ ಆ ಮನೆಗಳಲ್ಲಿ ದೀಪಕ್ಕೆ, ದೇವರಿಗೆ, ಪುಸ್ತಕಕ್ಕೆ ಗೋಡೆಯೊಳಗೇ ಗೂಡು ಬಿಡುತ್ತಿದ್ದರು, ಕೋಣೆಯ ಅಗಲ ಕಡಿಮೆಯಾಗುತ್ತಿರಲಿಲ್ಲ. ನಮ್ಮ ಗೋಡೆಗಳು ಆರು ಅಂಗುಲದವು, ಕೊರೆಯುವಂತಿಲ್ಲ. ಆದರೆ ಫ್ಲ್ಯಾಟಿನ ಮೂಲೆಗಳಲ್ಲಿ ಆರ್‌ಸಿಸಿ ಕಂಬಗಳು ಗೋಡೆಯಿಂದ ಆರೆಂಟು ಅಂಗುಲ ಮುಂದೆ ಬಂದಿರುತ್ತವೆ, ಎರಡು ಕಂಬಗಳ ನಡುವಿನ ಆ ತಗ್ಗು ವ್ಯರ್ಥವಾಗಿ ಬಿದ್ದಿರುತ್ತದೆ. ಅಲ್ಲಿ ಕಂಬಕ್ಕೆ ಸಮನಾಗಿ ಹಲಗೆ ಜೋಡಿಸಿದರೆ ಮಕ್ಕಳ ಕೋಣೆಗೆ ಪುಸ್ತಕದ ಗೂಡು, ಹಾಲ್‌ಗೆ ದೇವರ ಗೂಡು ಸಿದ್ಧ. ಮಕ್ಕಳ ಕೋಣೆಯ ಬಗ್ಗೆ ಇದಕ್ಕಿಂತ ಹೆಚ್ಚು ಹೇಳಲಾರೆ. ಕಾರ್ಟೂನಿನ ಗೋಡೆಕಾಗದಕ್ಕೆ ದುಡ್ಡು ಸುರಿಯಬೇಡಿ, ಮೂರು ವರ್ಷದಲ್ಲಿ ಮಗುವಿಗೆ ಅದು ನಾಚಿಕೆಯ ವಿಷಯವಾಗುತ್ತದೆ.

ಮಲಗುವ ಕೋಣೆಗೆ ಗೋವಾದವರೆಗೆ ಹೋಗಿಬರಬೇಕು. ಹಳೆಯ ಗೋವಾ ಮನೆಗಳ ಕಿಟಕಿಗೆ ಗಾಜಿನ ಬದಲು ಕಡಲಚಿಪ್ಪು ಇರುತ್ತಿತ್ತು. ಅಂಗೈಯಗಲದ, ಚಪ್ಪಟೆಯಾದ, ಅರೆಪಾರದರ್ಶಕ ಸಿಂಪಿಯನ್ನು ಚೌಕವಾಗಿ ಕತ್ತರಿಸಿ ಮರದ ಸಣ್ಣ ಚೌಕಟ್ಟುಗಳ ನಡುವೆ ಒಂದೊಂದಾಗಿ ಜಾರಿಸುತ್ತಿದ್ದರು. ಗಾಜು ದುಬಾರಿಯಾಗಿತ್ತು, ಚಿಪ್ಪು ಕಡಲತಡಿಯಲ್ಲಿಯೇ ಇತ್ತು. ಹತ್ತಿರದಿಂದ ನೋಡಿದರೆ ಪ್ರತಿ ಚಿಪ್ಪಿನಲ್ಲೂ ಬೆಳವಣಿಗೆಯ ತೆಳುಗೆರೆಗಳು ಅರ್ಧಚಂದ್ರಾಕಾರವಾಗಿ ಕಾಣುತ್ತವೆ, ಒಂದು ಹಳದಿ ಛಾಯೆ, ಪಕ್ಕದ್ದು ಬೂದು. ಹೊರಗಿನ ಬಿಸಿಲು ಅದರಿಂದ ಹಾದು ಒಳಗೆ ಬರುವಾಗ ಉರಿ ಕಳೆದುಕೊಂಡು ಹಾಲಿನ ಬಣ್ಣದ್ದಾಗಿ ಕೋಣೆಯಲ್ಲೆಲ್ಲ ಸಮವಾಗಿ ಹರಡುತ್ತದೆ, ಎಲ್ಲಿಯೂ ಚುಚ್ಚುವ ನೆರಳಿಲ್ಲ. ಹೊರಗಿನವರಿಗೆ ಒಳಗು ಕಾಣುವುದೂ ಇಲ್ಲ. ಬಾರ್ದೇಜಿನ ತೋರ್ಡಾದಲ್ಲಿ ವಾಸ್ತುಶಿಲ್ಪಿ ಜೆರಾರ್ಡ್ ಡ ಕುನ್ಹಾ ಕಟ್ಟಿದ ಹೌಸಸ್ ಆಫ್ ಗೋವಾ ಎಂಬ ವಸ್ತುಸಂಗ್ರಹಾಲಯದಲ್ಲಿ ಈ ಮನೆಗಳ ಅಂಗಾಂಗಗಳನ್ನೆಲ್ಲ ಬಿಡಿಸಿ ತೋರಿಸಿದ್ದಾರೆ. ಪಣಜಿಯ ಫೊಂತೈನ್ಹಾಸ್ ಓಣಿಗಳಲ್ಲಿ ಸುಮ್ಮನೆ ಅಡ್ಡಾಡಿದರೂ ಕಲಿಯುವುದು ಬೇಕಾದಷ್ಟಿದೆ.

ಹೀಗೆಂದು ಚಿಪ್ಪಿನ ಕಿಟಕಿ ಮಾಡಿಸಿಕೊಡಿ ಎಂದು ನನ್ನನ್ನು ಕೇಳಬೇಡಿ. ಎದುರಿನ ಕಟ್ಟಡ ಹತ್ತಡಿ ದೂರದಲ್ಲಿರುವ, ಪಶ್ಚಿಮದ ಬಿಸಿಲು ಬೀಳುವ ನಿಮ್ಮ ಕೋಣೆಗೆ ಬೇಕಾದ್ದೂ ಆ ಹಾಲುಬೆಳಕು ಮತ್ತು ಆ ಮರೆಯೇ. ಗಾಜಿನ ಕೆಳಗಿನ ಅರ್ಧಕ್ಕೆ ಮಬ್ಬು ಫಿಲ್ಮ್ ಅಂಟಿಸಿ, ಅಥವಾ ದಪ್ಪ ಪರದೆಯ ಒಳಗೆ ತೆಳು ಮಲ್ಮಲ್ ಪರದೆಯೊಂದನ್ನು ಇಳಿಬಿಡಿ. ಹಳೆಯ ಹತ್ತಿ ಸೀರೆಗಳಿಗೆ ಇದಕ್ಕಿಂತ ಒಳ್ಳೆಯ ಉಪಯೋಗ ಸಿಗಲಾರದು; ಇಳಕಲ್ ಸೀರೆಯ ಸೆರಗು ಹಾಳಾಗದೆ ಉಳಿದಿದ್ದರೆ ಅದನ್ನು ಮಂಚದ ತಲೆಯ ಕಡೆ ಚೌಕಟ್ಟು ಹಾಕಿಸಿ, ಗುಳೇದಗುಡ್ಡದ ಖಣದಿಂದ ದಿಂಬಿನ ಅಂಚು ಹೊಲಿಸಿ. ಕೋಣೆಯ ಲೆಕ್ಕ ನೇರವಾದದ್ದು: ಹತ್ತಡಿಯಲ್ಲಿ ಮಂಚಕ್ಕೆ ಐದು, ಕಪಾಟಿಗೆ ಎರಡು, ಉಳಿದದ್ದು ಮೂರು, ಆದ್ದರಿಂದ ಕಪಾಟಿಗೆ ಜಾರುವ ಬಾಗಿಲು. ಆ ಕಪಾಟನ್ನು ಮಳೆ ಹೊಡೆಯುವ ಹೊರಗೋಡೆಗೆ ಒತ್ತಿ ಇಡಬೇಡಿ, ಎರಡಂಗುಲ ಗಾಳಿಯಾಡಲು ಬಿಡಿ. ಇಲ್ಲವಾದರೆ ಗಣೇಶ ಚತುರ್ಥಿಗೆ ರೇಷ್ಮೆ ಸೀರೆ ತೆಗೆಯುವಾಗ ಬೂಷ್ಟಿನ ವಾಸನೆ ಮೊದಲು ಹೊರಬರುತ್ತದೆ.

ಗೋವಾದ ಆ ಮನೆಗಳ ಮೇಲೂ, ಮುಂಬಯಿಯ ಎಷ್ಟೋ ಹಳೆಯ ಮನೆಗಳ ಮೇಲೂ ಇರುವುದು ನಮ್ಮ ಮಂಗಳೂರು ಹೆಂಚು. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಅದು ಪಡುವಣ ಕರಾವಳಿಯುದ್ದಕ್ಕೂ ಹರಡಿತು. ಕತ್ತಲೆಯ ಅಡುಗೆಮನೆಗೆ ಮಧ್ಯೆ ಒಂದೆರಡು ಗಾಜಿನ ಹೆಂಚು ಹಾಕುತ್ತಿದ್ದದ್ದು ನಿಮಗೆ ನೆನಪಿರಬೇಕು. ಸ್ನಾನದ ಮನೆಗೆ ನನ್ನ ಸಲಹೆ ಆ ಗಾಜಿನ ಹೆಂಚಿನಿಂದ ಬಂದದ್ದು. ಫ್ಲ್ಯಾಟಿನಲ್ಲಿ ಸೂರಿಗೆ ಕನ್ನ ಹಾಕುವಂತಿಲ್ಲ, ಆದರೆ ಬಾಗಿಲಿನ ಮೇಲೆ ಒಂದಡಿ ಎತ್ತರದ ಮಬ್ಬುಗಾಜಿನ ಪಟ್ಟಿ ಇಟ್ಟರೆ ಪಕ್ಕದ ಕೋಣೆಯ ಬೆಳಕು ಒಳಗೆ ಇಳಿಯುತ್ತದೆ, ಹಗಲಿನಲ್ಲಿ ಸ್ವಿಚ್ ಹುಡುಕಬೇಕಾಗಿಲ್ಲ.

ಸಾಮಾನು ಎಲ್ಲಿ ಕೊಳ್ಳಬೇಕೆಂದು ವಿರಾಮದಲ್ಲಿ ಹಲವರು ಕೇಳಿದಿರಿ. ಬಟ್ಟೆಗೆ ಮಂಗಳದಾಸ್ ಮಾರ್ಕೆಟ್, ದೀಪಕ್ಕೆ ಲೋಹಾರ್ ಚಾಳ್, ಮಣ್ಣಿನ ಕುಂಡಕ್ಕೆ ಧಾರಾವಿಯ ಕುಂಭಾರವಾಡ, ಹಳೆಯ ಪೀಠೋಪಕರಣಕ್ಕೆ ಜೋಗೇಶ್ವರಿಯ ಓಶಿವರಾ ಅಥವಾ ಮಟನ್ ಸ್ಟ್ರೀಟಿನ ಚೋರ್ ಬಜಾರ್. ಹಳೆಯದೆಂದು ಹೇಳುವ ಕಪಾಟಿನ ಮೇಲಿನ ಪಾಲಿಶನ್ನು ನೋಡಬೇಡಿ, ಸೆಳೆಖಾನೆಯನ್ನು ಪೂರ್ತಿ ಹೊರಗೆಳೆದು ತಿರುಗಿಸಿ. ಮೂಲೆಯಲ್ಲಿ ಕೈಯಿಂದ ಕಡಿದ ಹಲ್ಲುಗಳು ಒಂದಕ್ಕೊಂದು ಕಚ್ಚಿಕೊಂಡಿದ್ದರೆ, ತಳದ ಹಲಗೆ ಪ್ಲೈವುಡ್ ಆಗಿರದಿದ್ದರೆ, ಎತ್ತಿದಾಗ ತೂಕ ಕೈಗೆ ತಾಗಿದರೆ ಚೌಕಾಸಿಗೆ ಇಳಿಯಿರಿ. ಕಾಲುಗಳ ಬುಡದಲ್ಲಿ ಗೆದ್ದಲಿನ ಪುಡಿ ಇದೆಯೇ ಎಂದು ಉಗುರಿನಿಂದ ಕೆರೆದು ನೋಡಲು ನಾಚಿಕೊಳ್ಳಬೇಡಿ, ಅಂಗಡಿಯವನು ಬೇಸರಪಟ್ಟುಕೊಂಡರೂ ಸರಿ. ಅಳತೆಪಟ್ಟಿಯ ಜೊತೆಗೆ ನಿಮ್ಮ ಲಿಫ್ಟಿನ ಬಾಗಿಲಿನ ಅಗಲವನ್ನೂ ಬರೆದುಕೊಂಡು ಹೋಗಿ. ಹಳೆಯ ತೇಗದ ಕಪಾಟುಗಳು ಬಿಡಿಸಿ ಜೋಡಿಸುವಂಥವಲ್ಲ, ಏಳನೆಯ ಮಹಡಿಗೆ ಮೆಟ್ಟಿಲಿನಲ್ಲಿ ಹೊತ್ತು ಹತ್ತಿಸುವ ಕೂಲಿ ಕೆಲವೊಮ್ಮೆ ಕಪಾಟಿನ ಬೆಲೆಯ ಹತ್ತಿರಕ್ಕೆ ಬರುತ್ತದೆ.